ಮುನಿರಾಜಪ್ಪನ ಪ್ಯಾನೆಲ್ಲು ಸೀರೆ ಉಟ್ಟ ಬೇಸಿಗೆ

ನಾನು ಪಾಠ ಮಾಡುವ ಕಾಲೇಜಿನ ತಾರಸಿಯಲ್ಲಿ ಒಂದು ಸಣ್ಣ ಸೋಲಾರ್ ಪಂಪಿದೆ. ಬಕೆಟ್ಟಿನ ನೀರನ್ನು ಎತ್ತಿ ಅದೇ ಬಕೆಟ್ಟಿಗೆ ಸುರಿಯುವುದಷ್ಟೇ ಅದರ ಕೆಲಸ. ಕಳೆದ ಮಾರ್ಚಿನ ಒಂದು ಮಧ್ಯಾಹ್ನ ಅಲ್ಲಿಗೆ ಹತ್ತಿದಾಗ, ಧೂಳು ಕೂರಬಾರದೆಂದು ಲ್ಯಾಬಿನ ಅಟೆಂಡರು ಪ್ಯಾನೆಲ್ಲಿನ ಮೇಲೆ ತೆಳುವಾದ ಪಂಚೆಯೊಂದನ್ನು ಹೊದಿಸಿದ್ದರು. ಕಾದ ಸಿಮೆಂಟಿನ ವಾಸನೆ. ಆ ವಾಸನೆಯ ಜೊತೆಗೆ ನೀರು ಬೀಳುವ ಸದ್ದು.

ಎಲ್ಲೋ ಟ್ಯಾಂಕು ತುಂಬಿ ಹರಿಯುತ್ತಿರಬೇಕು ಅಂದುಕೊಂಡು ಸುತ್ತ ನೋಡಿದೆ. ಆಮೇಲೆ ಬಕೆಟ್ಟಿನ ಕಡೆ ಕಣ್ಣು ಹೋಯಿತು. ಪಂಚೆ ಹೊದ್ದ ಪ್ಯಾನೆಲ್ಲಿನಿಂದಲೇ ಪಂಪು ಓಡುತ್ತಿತ್ತು. ಧಾರೆ ಸಣ್ಣಗಾಗಿತ್ತು, ಆದರೆ ನಿಂತಿರಲಿಲ್ಲ. ಪಂಚೆಯನ್ನು ಎರಡು ಮೂರು ಪದರ ಮಡಿಸಿ ಹಾಕಿದೆ, ನಿಂತಿತು. ಒಂದೇ ಪದರ ಮಾಡಿದೆ, ಮತ್ತೆ ಶುರುವಾಯಿತು. ಹೀಗೆ ನಾಲ್ಕೈದು ಸಲ ಮಾಡಿರಬೇಕು. ಕೊನೆಗೆ ನೀರಿನ ಟ್ಯಾಂಕಿನ ನೆರಳಿಗೆ ಹೋಗಿ ಕೂತುಬಿಟ್ಟೆ. ನಾಲ್ಕು ವರ್ಷದ ಹಿಂದಿನ ಒಂದು ಬೇಸಿಗೆಯಲ್ಲಿ, ಇಡೀ ಊರಿನ ಮುಂದೆ, ಒಬ್ಬ ಮನುಷ್ಯನನ್ನು ನಾನು ಮಾತಿಗೆ ತಪ್ಪಿದವನನ್ನಾಗಿ ಮಾಡಿದ್ದೆ. ಹಾಗೆ ಮಾಡಿದ್ದೇನೆಂದು ಆ ಮಧ್ಯಾಹ್ನದವರೆಗೆ ನನಗೆ ಗೊತ್ತಿರಲಿಲ್ಲ.

ಆ ಬೇಸಿಗೆಯ ಬಗ್ಗೆ ನಾನು ಹೇಳುವುದನ್ನೆಲ್ಲ ಹಾಗೆಯೇ ನಂಬಬೇಡಿ, ನಾನೇ ನಂಬುವುದಿಲ್ಲ. ನನ್ನ ತಲೆಯಲ್ಲಿ ಆ ಸೀರೆಗಳು ಗುಲಾಬಿ ಬಣ್ಣದವು. ನನ್ನದೇ ಕೈಬರಹದ ನೋಟ್‌ಬುಕ್ಕಿನಲ್ಲಿ ಹಸಿರು ಎಂದಿದೆ. ಇಂಥ ಕಡೆ ನಾನು ನೋಟ್‌ಬುಕ್ಕಿನ ಮಾತು ಕೇಳುತ್ತೇನೆ. ಆದರೆ ಮನುಷ್ಯರು ಏನೇನಂದರು ಎಂಬುದನ್ನು ನಾನು ಬರೆದಿಟ್ಟಿರಲಿಲ್ಲ. ಬರೆದಿಟ್ಟಿದ್ದು ಬರೀ ಅಡಿ, ಇಂಚು.

ಆಗ ನನಗೆ ಭೂವಿಜ್ಞಾನದಲ್ಲಿ ಎಂಎಸ್ಸಿ ಆಗಿತ್ತು. ಪಿಎಚ್‌ಡಿ ಎರಡು ಸಲ ಶುರುವಾಗಿ ಎರಡು ಸಲ ನಿಂತಿತ್ತು. ಸೋಲಾರ್ ಪಂಪು ಬಂದ ಮೇಲೆ ಬೋರುಗಳ ನೀರು ಏನಾಗುತ್ತದೆಂದು ಅಳೆಯುವ ಒಂದು ಅಧ್ಯಯನಕ್ಕೆ ಸಂಕ್ರಾಂತಿಯಿಂದ ಮುಂಗಾರಿನವರೆಗೆ ಎಂದು ಸೇರಿಕೊಂಡೆ. ದೊಡ್ಡಬಳ್ಳಾಪುರದಿಂದ ಸಾಸಲು ಕಡೆ ಹೋಗುವ ಬಸ್ಸು ಆ ಊರಿನ ಮಗ್ಗುಲಲ್ಲೇ ಹಾದುಹೋಗುತ್ತದೆ. ಊರಿನ ಹೆಸರು ಹೇಳುವುದಿಲ್ಲ. ಬೋಳು ಬಂಡೆಯ ಗುಡ್ಡ, ಅದರ ಬುಡದಲ್ಲಿ ನೀಲಗಿರಿ ತೋಪು, ಜಾಲಿ ಬೆಳೆದ ಕೆರೆಯಂಗಳ, ಕೊಯ್ದ ರಾಗಿ ಹೊಲದ ಕೂಳೆ. ಆ ಕಡೆಯ ಊರುಗಳೆಲ್ಲ ಹೆಚ್ಚುಕಡಿಮೆ ಹೀಗೇ ಇವೆ. ಹಾಲಿನ ಡೈರಿಯ ಮೇಲಿನ ಕೋಣೆಯಲ್ಲಿ ನನ್ನ ವಾಸ. ಡೈರಿಯ ಕಾರ್ಯದರ್ಶಿ ಕೃಷ್ಣಪ್ಪನಿಗೆ ನನ್ನನ್ನು ಕಂಡರೆ ಒಂದು ಥರ ತಮಾಷೆ. ನಾನು ಬೋರಿನೊಳಗೆ ಬಿಡುತ್ತಿದ್ದ ಟೇಪಿನ ತುದಿ ನೀರು ಮುಟ್ಟಿದರೆ ಮೇಲಿನ ಗಾಲಿ ಕುಂಯ್‌ಗುಡುತ್ತಿತ್ತು. ಹಾಲು ಹಾಕಲು ಬಂದವರ ಮುಂದೆ ಆತ, "ಡಾಕ್ಟ್ರು ಬಂದ್ರು ಕಣ್ರಪ್ಪಾ, ನಿಮ್ ನಿಮ್ ಬೋರಿಗೆ ಬಾಯಿ ತೆಗಿ ಅನ್ರಿ" ಎನ್ನುತ್ತಿದ್ದ.

ಆ ಊರಿನವರು ನೀರಿನ ಆಳವನ್ನು ಅಡಿಯಲ್ಲಿ ಹೇಳುತ್ತಿರಲಿಲ್ಲ. ಬೋರಿಗಿಳಿಸುವ ಒಂದೊಂದು ಕಬ್ಬಿಣದ ಪೈಪು ಇಪ್ಪತ್ತು ಅಡಿ. "ಇಪ್ಪತ್ತೆಂಟು ಪೈಪಿನ ಬೋರು ಸಾರ್ ನಮ್ದು" ಎಂದರೆ ಲೆಕ್ಕ ಹಾಕಿಕೊಳ್ಳುವುದು ನನ್ನ ಪಾಲಿನ ಕೆಲಸ. ಹೆಂಗಸರು ಇನ್ನೂ ಸರಳವಾಗಿ, ಪೈಪಿನ ಬಾಯಲ್ಲಿ ಬೀಳುವ ಧಾರೆಯ ದಪ್ಪ ನೋಡಿ ಎರಡಿಂಚು ನೀರು, ಒಂದಿಂಚು ನೀರು ಎನ್ನುತ್ತಿದ್ದರು.

ಮೂರು ಫೇಸಿನ ಕರೆಂಟು ಅಲ್ಲಿಗೆ ಬರುತ್ತಿದ್ದದ್ದು ದಿನಕ್ಕೆ ಕೆಲವೇ ಗಂಟೆ, ಅದೂ ಸರದಿಯ ಮೇಲೆ. ಎಲ್ಲರೂ ಅದನ್ನು ಬೈಯುತ್ತಿದ್ದರು. ಆದರೆ ಕರೆಂಟಿಲ್ಲದ ಹೊತ್ತಿನಲ್ಲಿ ಬಂಡೆಯ ಬಿರುಕುಗಳಿಂದ ನೀರು ಜಿನುಗಿ ಬೋರು ಮತ್ತೆ ತುಂಬಿಕೊಳ್ಳುತ್ತಿತ್ತು. ನೆಲದಡಿಯ ನೀರನ್ನು ಅಷ್ಟು ವರ್ಷ ಕಾಯ್ದಿದ್ದು ಯಾರ ತಿಳಿವಳಿಕೆಯೂ ಅಲ್ಲ, ಕರೆಂಟಿನ ಕೊರತೆ. ಸೋಲಾರ್ ಬಂದಾಗ ಆ ಕೊರತೆ ಹೋಯಿತು. ಬಿಸಿಲಿಗೆ ಸರದಿಯಿಲ್ಲ, ಬಿಲ್ಲಿಲ್ಲ. ಬೆಳಗ್ಗೆ ಒಂಬತ್ತಕ್ಕೆ ತಾನಾಗಿಯೇ ಶುರುವಾದ ಪಂಪು ಸಂಜೆಯವರೆಗೆ ಓಡಿ, ತಾನಾಗಿಯೇ ನಿಲ್ಲುತ್ತಿತ್ತು. ಮೋಟರು ಪಾತಾಳದಲ್ಲಿರುವುದರಿಂದ ಸದ್ದೂ ಇಲ್ಲ.

ಊರಿನಲ್ಲಿ ಮೊದಲ ಸೋಲಾರ್ ಪಂಪು ಹಾಕಿಸಿದವರು ಮುನಿರಾಜಪ್ಪ. ನಲವತ್ತು ದಾಟಿದ, ಕಡಿಮೆ ಮಾತಿನ ಮನುಷ್ಯ. ಟೊಮ್ಯಾಟೊ, ಒಂದಷ್ಟು ದಾಳಿಂಬೆ, ಪ್ಲಾಸ್ಟಿಕ್ ಹಾಸಿದ ಒಂದು ಕೃಷಿ ಹೊಂಡ. ಬದುವಿನ ಆಚೆ ಬದಿ ಅವರ ಸತ್ತುಹೋದ ಅಣ್ಣನ ಹೆಂಡತಿ ರತ್ನಮ್ಮನ ಜಮೀನು. ರತ್ನಮ್ಮ ಒಂದೆಕರೆ ಹಿಪ್ಪುನೇರಳೆ ಇಟ್ಟುಕೊಂಡು ರೇಷ್ಮೆ ಹುಳು ಸಾಕುತ್ತಿದ್ದರು. ಅವರದು ಕರೆಂಟಿನ ಬೋರು. ಎರಡು ಬೋರಿಗೂ ನಡುವೆ ನೂರು ಹೆಜ್ಜೆ ಇದ್ದರೆ ಹೆಚ್ಚು. ಒಂದೇ ಬಂಡೆಯ ಒಂದೇ ಬಿರುಕಿನಿಂದ ಎರಡೂ ಕುಡಿಯುತ್ತಿದ್ದವು. ಇದನ್ನು ಕಂಡುಹಿಡಿಯಲು ನನಗೆ ಹದಿನೈದು ದಿನ ಬೇಕಾಯಿತು. ರತ್ನಮ್ಮನಿಗೆ ಮೊದಲ ವಾರವೇ ಗೊತ್ತಿತ್ತು.

"ಎರಡಿಂಚು ಬರ್ತಿತ್ತು ಸಾರ್," ಎಂದರು ನನಗೆ, ಹುಳುಮನೆಯ ಬಾಗಿಲಲ್ಲಿ ನಿಂತು. "ಅವನ ಸೋಲಾರ್ ಕೂತ ಮೇಲೆ ನೋಡಿ, ಹಸು ಗಂಜಲ ಹೊಯ್ದಂಗೆ. ನನ್ ಹುಳ ಈಗ ಮೂರನೇ ಜ್ವರಕ್ಕೆ ಕೂತವೆ. ಎದ್ವು ಅಂದ್ರೆ ಹಗಲೂ ರಾತ್ರಿ ತಿಂತವೆ. ಸೊಪ್ಪು ಒಣಗ್ಸ್ಕೊಂಡು ನಾನೇನು ಅವಕ್ಕೆ ಕತೆ ಹೇಳ್ಲಾ?"

ಹುಳು ಪೊರೆ ಬಿಡಲು ತಿನ್ನದೆ ಕೂರುವುದನ್ನು ಅಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಒಂದು ವಾರ ಸೊಪ್ಪು ಕಡಿಮೆಯಾದರೆ ಗೂಡು ತೆಳುವಾಗುತ್ತದೆ, ತಿಂಗಳ ದುಡಿಮೆ ಹೋಗುತ್ತದೆ.

ಮುನಿರಾಜಪ್ಪನ ಮೇಲೆ ಅವರಿಗೆ ಸಿಟ್ಟಿರಲಿಲ್ಲ, ಅಥವಾ ನನಗೆ ಹಾಗೆ ಕಾಣುತ್ತಿರಲಿಲ್ಲ. ಮೈದುನನ ಮನೆಗೆ ಹೋಗಿ ಜಗಲಿಯ ಮೇಲೆ ಕೂತು ನೇರವಾಗಿಯೇ ಕೇಳಿದರಂತೆ. ಅದಾದ ಎರಡು ದಿನಕ್ಕೆ ಡೈರಿಯ ಕಟ್ಟೆಯ ಮೇಲೆ ನಾಲ್ಕು ಜನ ಸೇರಿ ಮಾತಾಡಿದರು. ನಾನೂ ಇದ್ದೆ. ಮುನಿರಾಜಪ್ಪ ಮಂಗಳವಾರ, ಗುರುವಾರ, ಶನಿವಾರ ನೀರೆತ್ತುವುದಿಲ್ಲ ಎಂದು ಒಪ್ಪಿಕೊಂಡರು. ಬೋರು ಸುಧಾರಿಸಿಕೊಳ್ಳಲಿ, ಅತ್ತಿಗೆಯ ಸೊಪ್ಪಿಗೆ ನೀರಾಗಲಿ ಎಂದು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಯಾರೋ, ಕೃಷ್ಣಪ್ಪನೇ ಇರಬೇಕು, "ಮೋಟರು ಸದ್ದೇ ಮಾಡಲ್ವಲ್ಲಪ್ಪ, ನೀನು ಆಫ್ ಮಾಡಿದೀಯ ಅಂತ ನಾವು ಬೋರಿಗೆ ಕಿವಿ ಕೊಟ್ಟು ಕೇಳ್ಬೇಕಾ?" ಎಂದು ನಗಿಸಿದ. ಅಷ್ಟಕ್ಕೂ ಪಂಪಿನ ಸ್ವಿಚ್ಚನ್ನು ಮುಟ್ಟಲು ಎಲ್ಲರಿಗೂ ಅಂಜಿಕೆ. ಕೂರಿಸಿಹೋದ ಫಿಟ್ಟರು ಅದನ್ನು ಸುಮ್ಮಸುಮ್ಮನೆ ಆಡಿಸಬೇಡಿ, ಕೆಟ್ಟರೆ ಮತ್ತೆ ನಾನು ಯಾವಾಗ ಬರುತ್ತೇನೋ ಎಂದು ಹೆದರಿಸಿಹೋಗಿದ್ದ.

ಆಗ ಮುನಿರಾಜಪ್ಪ, "ಪ್ಯಾನೆಲ್ ಮೇಲೆ ಬಟ್ಟೆ ಹೊದಿಸ್ತೀನಿ. ಬಿಸಿಲೇ ಬೀಳ್ದಿದ್ರೆ ಅದು ಹೆಂಗೆ ಓಡುತ್ತೆ? ಬಸ್ಸಲ್ಲಿ ಹೋಗೋರಿಗೂ ಕಾಣ್ಲಿ" ಎಂದರು.

ಬಟ್ಟೆ ಕೊಟ್ಟವರು ರತ್ನಮ್ಮ. ಅವರ ತಂಗಿಯ ಮನೆ ದೊಡ್ಡಬಳ್ಳಾಪುರದಲ್ಲಿ, ನಾಲ್ಕು ಪವರ್‌ಲೂಮು. ಅಂಚು ತಪ್ಪಿ, ಎಳೆ ಬಿಟ್ಟುಹೋಗಿ ಮಾರಾಟವಾಗದ ಸೀರೆಗಳ ಒಂದು ಗಂಟೇ ಆ ಮನೆಯಲ್ಲಿತ್ತು. ರತ್ನಮ್ಮ ಬಸ್ಸಿನಲ್ಲಿ ಹೋಗಿ ಹೊತ್ತು ತಂದರು. ಊದಿದರೆ ಹಾರುವಷ್ಟು ಹಗುರ. ಮುನಿರಾಜಪ್ಪ ಅವನ್ನು ಪ್ಯಾನೆಲ್ಲುಗಳ ಎರಡೂ ಸಾಲಿನ ಮೇಲೆ ಉದ್ದಕ್ಕೆ ಹಾಸಿ, ಮೂಲೆಗಳನ್ನು ಸೆಣಬಿನ ಹಗ್ಗದಿಂದ ಕಂಬಕ್ಕೆ ಬಿಗಿದರು. ಮೊದಲ ಮಂಗಳವಾರ ಊರೇ ನೋಡಲು ಬಂತು.

"ಏನಪ್ಪಾ ಮುನಿರಾಜ, ಸೀರೆ ಉಡ್ಸ್ಬಿಟ್ಟೆ, ಕುಪ್ಪಸ ಯಾವಾಗ?" ಎಂದ ಕೃಷ್ಣಪ್ಪ.

"ನಿಮ್ ಮನೆಯೋರ್ದು ಒಂದು ಕೊಡು ಗುರು, ಅಳತೆ ನೋಡ್ತೀನಿ" ಎಂದರು ಮುನಿರಾಜಪ್ಪ. ಅವರು ನಗಿಸಿದ್ದು ನಾನು ಕೇಳಿದ್ದು ಅದೊಂದೇ ಸಲ.

ಕೆಲವೇ ದಿನಕ್ಕೆ ಅದು ಊರಿನ ಕ್ಯಾಲೆಂಡರಾಯಿತು. ಬೆಳಗ್ಗೆ ಹಾಲು ಹಾಕಿ ಹೋಗುವವರು ಒಮ್ಮೆ ಅತ್ತ ನೋಡಿ, "ಓ, ಸೀರೆ ಉಟ್ಟದೆ, ಇವತ್ತು ಗುರುವಾರ" ಎನ್ನುವರು. ನೀರಿನ ಬಗ್ಗೆ ಎರಡು ಮನೆ ತಮ್ಮ ಪಾಡಿಗೆ ತಾವು ಮಾಡಿಕೊಂಡ ಒಪ್ಪಂದ, ದೂರದಿಂದ ಕಣ್ಣಿಗೆ ಕಾಣುವಂಥದ್ದು. ನನಗಂತೂ ಖುಷಿಯಾಗಿತ್ತು. ಪುಸ್ತಕಗಳಲ್ಲಿ ಅಂತರ್ಜಲವನ್ನು ಹಂಚಿಕೊಂಡು ಬಳಸಬೇಕೆಂದು ಪುಟಗಟ್ಟಲೆ ಬರೆದಿರುತ್ತಾರೆ. ಇಲ್ಲಿ ಅದು ನಾಲ್ಕು ಸೀರೆಯಲ್ಲಿ ಮುಗಿದಿತ್ತು. ಸೀರೆ ಹೊದಿಸಿದ ಮರುಬೆಳಗ್ಗೆ ರತ್ನಮ್ಮನ ಬೋರಿನಲ್ಲಿ ನೀರು ಮೇಲೆ ಬಂದಿರಬೇಕು. ಅದನ್ನು ಅಳೆದು ತೋರಿಸುವುದು ನನ್ನ ಭಾಗ.

ನೀರು ಮೇಲೆ ಬರಲಿಲ್ಲ. ಬುಧವಾರ ಅಳೆದೆ, ಶುಕ್ರವಾರ ಅಳೆದೆ, ಭಾನುವಾರ ಅಳೆದೆ. ಒಂದು ಗೇಣು ಬಂದರೆ ಬಂತು, ಇಲ್ಲದಿದ್ದರೆ ಅದೂ ಇಲ್ಲ. ಟೇಪಿನಲ್ಲೇ ದೋಷವಿದೆಯೇನೋ ಎಂದು ಬೇರೆ ಟೇಪು ತರಿಸಿದೆ. ಬಂಡೆಯ ಬಿರುಕಿನ ಬಗ್ಗೆಯೇ ನನ್ನ ಊಹೆ ತಪ್ಪೇನೋ ಎಂದು ನಕ್ಷೆ ತೆಗೆದು ಕೂತೆ. ಎಲ್ಲವನ್ನೂ ಅನುಮಾನಿಸಿದೆ, ಸೀರೆಯೊಂದನ್ನು ಬಿಟ್ಟು. ಹೊಂಡಕ್ಕೆ ಹೋಗುವ ಪೈಪು ನೆಲದಡಿಯಲ್ಲಿತ್ತು, ಅದರ ಬಾಯಿ ಹೊಂಡದ ನೀರಿನೊಳಗೆ ಮುಳುಗಿತ್ತು. ನೀರು ಬರುತ್ತಿದ್ದರೂ ಯಾರ ಕಣ್ಣಿಗೂ ಬೀಳುವಂತಿರಲಿಲ್ಲ.

ಆ ದಿನಗಳ ನೋಟ್‌ಬುಕ್ಕಿನಲ್ಲಿ ಒಂದು ಸಾಲಿದೆ. "ಗುರುವಾರ, ಮಧ್ಯಾಹ್ನ. ಹಸಿರು ಸೀರೆ ಹೊದಿಸಿದೆ. ಪೆಟ್ಟಿಗೆ ಮುಟ್ಟಿದರೆ ಬೆಚ್ಚಗಿದೆ. ಬಿಸಿಲಿಗಿರಬೇಕು." ಪೆಟ್ಟಿಗೆ ಎಂದರೆ ಪ್ಯಾನೆಲ್ಲಿನ ಕರೆಂಟನ್ನು ಮೋಟರಿಗೆ ಕಳಿಸುವ ಡಬ್ಬಿ. ಅದನ್ನು ಪ್ಯಾನೆಲ್ಲಿನ ಕೆಳಗೆ, ನೆರಳಲ್ಲಿ ಕೂರಿಸಿದ್ದರು. ಇಡೀ ದಿನ ಅದಕ್ಕೆ ಬಿಸಿಲು ತಾಕುವುದೇ ಇಲ್ಲ. ನಾನು ಮುಟ್ಟಿದ್ದೇನೆ, ಬೆಚ್ಚಗಿತ್ತೆಂದು ಬರೆದಿದ್ದೇನೆ, ಕಾರಣವನ್ನೂ ನಾನೇ ಕಟ್ಟಿ ಕೊಟ್ಟಿದ್ದೇನೆ. ಆದರೆ ಆ ಡಬ್ಬಿಯನ್ನು ಮುಟ್ಟಿದ ನೆನಪು ನನ್ನ ಕೈಗಿಲ್ಲ.

ಯುಗಾದಿ ಕಳೆದು ಬಿಸಿಲು ಏರಿತು. ರತ್ನಮ್ಮನ ಮುಂದಿನ ಬೆಳೆಯ ಹುಳು ನಾಲ್ಕನೇ ಜ್ವರ ಎದ್ದವು. ನೀರು ಸಾಲದೆ ಗಿಡದ ಕುಡಿಗಳು ಬಾಗಿದವು. ಅವರು ಅಕ್ಕಪಕ್ಕದ ಊರಿನಿಂದ ಸೊಪ್ಪು ತರಿಸಿದರು, ಬಾಡಿದ ಸೊಪ್ಪು. ಹುಳು ಅರೆಬರೆ ತಿಂದು ಹಣ್ಣಾದವು, ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಹತ್ತಿಸಿದರೆ ಗೂಡು ಕಾಗದದಂತೆ ಬಂತು. ಊರಲ್ಲಿ ಮಾತು ಹುಟ್ಟಿಕೊಂಡಿತ್ತು. ಸೀರೆ ಬರೀ ತೋರಿಕೆಗೆ, ಒಳಗೆ ಏನೋ ನಡೀತದೆ ಎಂದು.

ಮತ್ತೆ ಡೈರಿಯ ಕಟ್ಟೆ. ಈ ಸಲ ನಾಲ್ಕಲ್ಲ, ನಲವತ್ತು ಜನ ಇದ್ದಿರಬಹುದು, ಅಥವಾ ನನ್ನ ಅಳುಕು ಅಷ್ಟು ಜನರನ್ನು ಸೇರಿಸಿರಬಹುದು. ಸಂಜೆಯ ಹಾಲಿನ ಹೊತ್ತು. ಕೃಷ್ಣಪ್ಪ ಆ ದಿನ ನಗಿಸಲಿಲ್ಲ. "ಸಾರ್, ನೀವು ಓದಿರೋರು. ನಿಮ್ಗೆ ಈ ಕಡೆ ಆ ಕಡೆ ಇಲ್ಲ. ಸೀರೆ ಹಾಕಿದ್ ದಿನ ಪಂಪು ಓಡಿದ್ಯೋ ಇಲ್ವೋ, ನಿಮ್ ಲೆಕ್ಕ ಏನ್ ಹೇಳುತ್ತೆ?" ಎಂದ.

ಲೆಕ್ಕ ಹೇಳುತ್ತಿದ್ದುದು ಒಂದೇ. ಬೋರು ಆ ದಿನಗಳಲ್ಲಿ ಸುಧಾರಿಸಿಕೊಂಡಿಲ್ಲ. ರತ್ನಮ್ಮ ಎತ್ತಿದ್ದನ್ನು ಬಿಟ್ಟರೂ ಇನ್ಯಾರೋ ನೀರೆತ್ತಿದ್ದಾರೆ. ಹತ್ತಿರದಲ್ಲಿ ಬೇರೆ ಬೋರಿಲ್ಲ.

"ಓಡಿದೆ" ಎಂದೆ.

ಅದು ನಿಜವೇ ಆಗಿತ್ತು. ಇವತ್ತಿಗೂ ಆ ಉತ್ತರದಲ್ಲಿ ತಪ್ಪು ಹುಡುಕಲು ನನ್ನಿಂದ ಆಗುವುದಿಲ್ಲ. ಹೇಗೆ ಓಡಿತು ಎಂದು ನಾನು ಕೇಳಿಕೊಳ್ಳಲಿಲ್ಲ, ಅಲ್ಲಿ ಮತ್ತೆ ಯಾರೂ ಕೇಳಲಿಲ್ಲ. ಎಲ್ಲರೂ ಮುನಿರಾಜಪ್ಪನ ಕಡೆ ತಿರುಗಿದರು. ಅವರು "ನಾನು ಓಡಿಸಿಲ್ಲ" ಎಂದರು. ಒಂದೇ ಸಲ. ಆಮೇಲೆ ರತ್ನಮ್ಮನ ಕಡೆ ನೋಡಿ, "ಅತ್ತಿಗೆ, ನೀವು ಹೇಳಿ" ಎಂದರು. ಇದು ನನಗೆ ಸ್ಪಷ್ಟವಾಗಿ ನೆನಪಿದೆ, ಬೇರೆಲ್ಲ ಮಸುಕಾದರೂ. ರತ್ನಮ್ಮ ಏನೂ ಹೇಳಲಿಲ್ಲ. ಸೆರಗು ಹೊದ್ದುಕೊಂಡು ಎದ್ದುಹೋದರು. ಮರುಬೆಳಗ್ಗೆ ತಾವೇ ಹೋಗಿ ಪ್ಯಾನೆಲ್ಲಿನ ಮೇಲಿನ ಸೀರೆಗಳನ್ನು ಬಿಚ್ಚಿಕೊಂಡು ಬಂದರು. ಅಲ್ಲಿಂದ ಮುಂದೆ ಎರಡೂ ಮನೆಗಳ ನಡುವೆ ಮಾತಿಲ್ಲ, ನೀರಿಲ್ಲ.

ನಾನು ಮುಂಗಾರಿಗೆ ಮೊದಲೇ ಹೊರಟೆ. ವರದಿಯಲ್ಲಿ ಒಂದು ಸಾಲು ಬರೆದೆ. ಬಳಕೆದಾರರ ನಡುವಿನ ಸ್ವಯಂ ಒಪ್ಪಂದಗಳು ನಂಬಿಕೆಯ ಕೊರತೆಯಿಂದ ವಿಫಲವಾಗುತ್ತವೆ ಎಂದು. ಆ ಸಾಲನ್ನು ಯಾರೋ ಹೊಗಳಿದರು ಕೂಡ.

ತಾರಸಿಯ ಪಂಪು ನೋಡಿದ ನಾಲ್ಕನೆಯ ದಿನ ಆ ಊರಿಗೆ ಹೋದೆ. ಆಗಿನ ಗೇಣಗಲದ ರಸ್ತೆ ಈಗ ಎರಡು ಬಸ್ಸು ಹಾಯುವಷ್ಟಾಗಿತ್ತು. ನೀಲಗಿರಿ ತೋಪಿನ ಜಾಗದಲ್ಲಿ ಯಾವುದೋ ಗೋದಾಮಿಗೆ ಕಾಂಪೌಂಡು ಎದ್ದಿತ್ತು. ರತ್ನಮ್ಮನ ಹಿಪ್ಪುನೇರಳೆ ಒಣಗಿ, ಕಿತ್ತುಹೋಗಿರುತ್ತದೆಂದು ದಾರಿಯುದ್ದಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಬದುವಿನ ಮೇಲೆ ನಿಂತು ನೋಡಿದರೆ ಸೊಪ್ಪು ಎದೆಯುದ್ದ ಬೆಳೆದು ನಿಂತಿತ್ತು, ಕಡುಹಸಿರಾಗಿ.

ಮುನಿರಾಜಪ್ಪ ದಾಳಿಂಬೆ ಗಿಡದ ಬುಡ ಕೆರೆಯುತ್ತಿದ್ದರು. ಕೂದಲು ಪೂರಾ ಬೆಳ್ಳಗಾಗಿತ್ತು. ಗುರುತು ಹಿಡಿದರು, ಕೂರಿ ಎನ್ನಲಿಲ್ಲ. ನಾನು ನಿಂತೇ ಎಲ್ಲ ಹೇಳಿದೆ. ತಾರಸಿ, ಪಂಚೆ, ಬಕೆಟ್ಟು. ತೆಳುವಾದ ಸೀರೆಯೊಳಗಿಂದ ಬಿಸಿಲು ಇಳಿದಿದೆ, ನಡುಮಧ್ಯಾಹ್ನದಲ್ಲಿ ಪಂಪು ಸಣ್ಣಗೆ ಓಡಿದೆ, ನೀವು ಓಡಿಸಿಲ್ಲ.

"ಗೊತ್ತು" ಎಂದರು.

ನನಗೆ ಅರ್ಥವಾಗಲಿಲ್ಲ.

"ಪಂಚಾಯ್ತಿ ಆದ್ಮೇಲೆ ಮನೇಲಿ ಎರಡು ಸೀರೆ ಉಳ್ದಿದ್ವು. ಅತ್ತಿಗೆ ಬಿಚ್ಕೊಂಡು ಹೋದ್ಮೇಲೆ ನಾನೇ ಒಂದಿನ ಅವನ್ನ ಹಾಕಿ, ಹೊಂಡಕ್ಕೆ ಇಳ್ದು, ಪೈಪಿನ ಬಾಯಿಗೆ ಕೈ ಇಟ್ಟೆ. ನೀರು ಕೈನ ನೂಕ್ತಿತ್ತು ಸಾರ್. ಮಧ್ಯಾಹ್ನ ಹನ್ನೊಂದರಿಂದ ಎರಡರವರೆಗೂ. ಕರುಗೆ ಕೈ ಕೊಟ್ರೆ ಮೂತಿ ಒತ್ತುತ್ತಲ್ಲ, ಹಂಗೆ."

"ಹಾಗಾದರೆ ಹೇಳಬಹುದಿತ್ತಲ್ಲ?"

"ಯಾರ್ಗೆ? ಸೀರೆ ಒಳಗಿಂದ ಬಿಸಿಲು ನುಗ್ತು ಅಂದ್ರೆ ಕೃಷ್ಣಪ್ಪ ಇವತ್ತಿಗೂ ಹೇಳ್ಕೊಂಡು ನಗ್ತಿದ್ದ. ನಿಮ್ಗೆ ಹೇಳಿದ್ರೆ ಆಗುತ್ತೆ ಅಂತ ಫೋನ್ ಮಾಡ್ದೆ."

"ನನಗಾ?"

"ಎರಡು ಸಲ ಮಾಡ್ದೆ. ಒಂದ್ಸಲ ಎತ್ತಿದ್ರಿ. ಯಾವುದೋ ಗದ್ದಲದಲ್ಲಿದ್ರಿ. ಮುನಿರಾಜಪ್ಪ, ಆ ಪ್ರಾಜೆಕ್ಟ್ ಮುಗೀತು, ಈಗ ಅದು ನನ್ ಕೆಲಸ ಅಲ್ಲ ಅಂದ್ರಿ."

ನನಗೆ ಅಂಥ ಫೋನು ಬಂದ ನೆನಪಿಲ್ಲ. ಬಹಳ ಹುಡುಕಿದೆ, ಅಲ್ಲಿ ನಿಂತಲ್ಲೇ. ಯಾವ ಗದ್ದಲ, ಯಾವ ತಿಂಗಳು, ಏನೂ ಸಿಗಲಿಲ್ಲ. ಇಲ್ಲ ಎನ್ನಲು ಬಾಯಿ ತೆಗೆದೆ. ಆದರೆ ಆ ಮಾತು ನಾನು ಆಡುವಂಥದ್ದೇ. ಆ ದಿನಗಳಲ್ಲಿ ಯಾರಿಗಾದರೂ ನಾನು ಹಾಗೆಯೇ ಹೇಳುತ್ತಿದ್ದೆ.

"ಇವತ್ತು ಪಂಪು ಓಡ್ತಿಲ್ಲವಾ?" ಎಂದು ಕೇಳಿದೆ, ಬೇರೇನು ಕೇಳಬೇಕೋ ತಿಳಿಯದೆ. ಮಧ್ಯಾಹ್ನದ ಬಿಸಿಲು ಪ್ಯಾನೆಲ್ಲಿನ ಮೇಲೆ ನೇರವಾಗಿ ಸುರಿಯುತ್ತಿತ್ತು. ಡ್ರಿಪ್ಪಿನ ಪೈಪುಗಳು ಒಣಗಿದ್ದವು.

ಮುನಿರಾಜಪ್ಪ ಪೆಟ್ಟಿಗೆಯ ಕಡೆ ಕೈ ತೋರಿಸಿದರು. ಅದರಿಂದ ಇಳಿದ ವೈರು ಬಿಚ್ಚಿ ಕಂಬಕ್ಕೆ ಸುತ್ತಿತ್ತು, ತುದಿಗೆ ಕಪ್ಪು ಟೇಪು. "ವಾರಕ್ಕೆ ಮೂರು ದಿನ ಬಿಚ್ಚಿಡ್ತೀನಿ. ಟೊಮ್ಯಾಟೊ ಬಿಟ್ಟೆ, ಈ ದಾಳಿಂಬೆಗೆ ಹನಿ ನೀರು ಸಾಕು."

"ಅವತ್ತಿಂದಲೂ?"

"ಅವತ್ತಿಂದ್ಲೂ."

"ರತ್ನಮ್ಮನವರಿಗೆ ಗೊತ್ತಾ?"

ಅವರು ಗುದ್ದಲಿಯ ಮಣ್ಣನ್ನು ಕಾಲಿನಿಂದ ಒರೆಸಿದರು. "ವೈರು ಬಿಚ್ಚಿದ್ದು ರೋಡಿಗೆ ಕಾಣಲ್ಲ ಸಾರ್."

ಆ ಸೊಪ್ಪು ಹಸಿರಾಗಿರುವುದಕ್ಕೆ ಇದೇ ಕಾರಣ ಎಂದು ನಾನು ಹೇಳಲಾರೆ. ನಡುವೆ ಒಂದೆರಡು ವರ್ಷ ಒಳ್ಳೆಯ ಮಳೆಯೂ ಆಯಿತು. ಅಳತೆಯಿಲ್ಲದೆ ಮಳೆಯ ಪಾಲೆಷ್ಟು, ಈ ಮನುಷ್ಯನ ಪಾಲೆಷ್ಟು ಎಂದು ಬೇರ್ಪಡಿಸಲಾಗುವುದಿಲ್ಲ. ಡೈರಿಯ ಹತ್ತಿರ ಜನ ಸೇರಿಸಿ ಎಲ್ಲರ ಮುಂದೆ ನನ್ನ ತಪ್ಪು ಹೇಳುತ್ತೇನೆ ಎಂದೆ. ಅವರು ಬೇಡ ಎಂದು ತಲೆಯಾಡಿಸಿದರು.

"ಊರೇನು ಸಾರ್, ಊರು ಮರ್ತುಬಿಟ್ಟದೆ. ನನ್ ಮಗಳ ಮದುವೆ ಆಯ್ತು ಹೋದ್ ವರ್ಷ. ಅರಿಶಿಣ ಹಚ್ಚೋಕೆ ದೊಡ್ಡಮ್ಮ ಬರ್ಲಿಲ್ಲ. ಮಗು ಹಸೆ ಮೇಲೆ ಕೂತ್ಕೊಂಡು ಬಾಗ್ಲೇ ನೋಡ್ತಿತ್ತು." ಗುದ್ದಲಿ ಎತ್ತಿಕೊಂಡು, "ಹೇಳೋದಾದ್ರೆ ಅತ್ತಿಗೆಗೆ ಹೇಳಿ" ಎಂದರು.

ರತ್ನಮ್ಮ ಹುಳುಮನೆಯಲ್ಲಿದ್ದರು. ನಾಲ್ಕನೇ ಜ್ವರ ಎದ್ದ ಹುಳು, ತಟ್ಟೆಗಳ ಮೇಲೆ ಕಡ್ಡಿಸಮೇತ ಸೊಪ್ಪು ಹಾಸುತ್ತಿದ್ದರು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಸುಣ್ಣದ ಪುಡಿಯ ಮೇಲೆ ಕಾಲೊರೆಸಿ ಒಳಗೆ ಹೋದೆ. ಹಸಿ ಸೊಪ್ಪಿನ, ಬ್ಲೀಚಿಂಗಿನ ವಾಸನೆ. ಅವರು ಕೈ ನಿಲ್ಲಿಸದೆ ಕೇಳಿಸಿಕೊಂಡರು. ಸೀರೆಯ ವಿಷಯ ಬಂದಾಗ ಮಾತ್ರ ಒಂದು ಕಡ್ಡಿ ಕೈಯಲ್ಲೇ ಉಳಿಯಿತು.

"ಅವತ್ತೂ ಹಿಂಗೇ ಗಟ್ಟಿಯಾಗಿ ಹೇಳಿದ್ರಿ ನೀವು" ಎಂದರು. "ಓಡಿದೆ ಅಂದ್ರಿ. ಈಗ ಅವನು ಓಡಿಸ್ಲಿಲ್ಲ ಅಂತೀರ. ನಾನು ಯಾವ್ದನ್ನ ನಂಬ್ಲಿ?"

ವೈರಿನ ವಿಷಯ ಹೇಳಿದೆ, ವಾರಕ್ಕೆ ಮೂರು ದಿನ, ನಾಲ್ಕು ವರ್ಷ. ಬೇಕಾದರೆ ಈಗಲೇ ಹೋಗಿ ನೋಡಬಹುದು ಎಂದೆ. ಫೋನಿನ ವಿಷಯವನ್ನೂ ಹೇಳಿದೆ. ಮುನಿರಾಜಪ್ಪ ಮಾಡಿದ್ದರಂತೆ, ನಾನು ಎತ್ತಿ ಹಾಗಂದೆನಂತೆ, ನನಗೆ ನೆನಪಿಲ್ಲ, ಆದರೆ ಹಾಗೆ ಆಗಿರುತ್ತದೆ ಎಂದೆ.

"ನೆನಪಿಲ್ಲ ಅಂತೀರ. ಮತ್ತೆ ಆಗಿರುತ್ತೆ ಅಂತ ಹೆಂಗೆ ಹೇಳ್ತೀರ?"

"ಮುನಿರಾಜಪ್ಪ ಸುಳ್ಳು ಹೇಳುವ ಜನ ಅಲ್ಲ ಅಂತ."

ರತ್ನಮ್ಮ ಕಡ್ಡಿಯನ್ನು ಕೆಳಗಿಟ್ಟರು. ನನ್ನ ಕಡೆ ನೋಡಲಿಲ್ಲ. ಹುಳುಗಳು ಸೊಪ್ಪು ತಿನ್ನುವ ಸದ್ದು ಆ ಕೋಣೆಯ ತುಂಬ ಇತ್ತು.

"ಅದು ನಾನು ಹೇಳ್ಬೇಕಾಗಿದ್ ಮಾತು" ಎಂದರು. "ನಾನು ಆ ಮನೆಗೆ ಬಂದಾಗ ಅವನು ಏಳನೇ ಕ್ಲಾಸು. ಅವನ ಬುತ್ತಿ ನಾನೇ ಕಟ್ಟಿ ಕಳಿಸ್ತಿದ್ದೆ. ಅವತ್ತು ಕಟ್ಟೆ ಮೇಲೆ, ಅತ್ತಿಗೆ ನೀವು ಹೇಳಿ ಅಂದ. ನನ್ ಬಾಯಿ ಬರ್ಲಿಲ್ಲ. ನೀವು ಓಡಿದೆ ಅಂದಿದ್ದಕ್ಕಲ್ಲ ಸಾರ್. ಹುಳ ಹೋಗಿದ್ವು, ಅದರ ಸಂಕಟ. ಯಾರ್ದಾದ್ರೂ ತಪ್ಪು ಆಗ್ಬೇಕಿತ್ತು ನನಗೆ."

ಏನೋ ಸಮಾಧಾನ ಹೇಳಲು ಹೋದೆ. ಅವರು ಕೇಳಿಸಿಕೊಳ್ಳಲಿಲ್ಲ. ಮೂಲೆಯ ಬಾನಿಯಲ್ಲಿ ಕೈ ತೊಳೆದರು, ಸೆರಗಿಗೆ ಒರೆಸಿಕೊಂಡರು. "ಆ ಸಾಲಿನ ತಟ್ಟೆಗಳಿಗೆ ಸೊಪ್ಪು ಹಾಸ್ತಿರಿ. ಈಗ ಬಂದೆ" ಎಂದು ಬುಟ್ಟಿಯನ್ನು ನನ್ನ ಮುಂದೆ ತಳ್ಳಿ ಹೊರಟರು. ಕಿಟಕಿಯ ಬಲೆಯೊಳಗಿಂದ ನೋಡಿದೆ. ಪ್ಯಾನೆಲ್ಲಿನ ಕಡೆ, ಬಿಚ್ಚಿಟ್ಟ ವೈರಿನ ಕಡೆ ಹೋಗುತ್ತಾರೆಂದುಕೊಂಡಿದ್ದೆ. ಅವರು ಅತ್ತ ತಿರುಗಿಯೂ ನೋಡಲಿಲ್ಲ. ಬದು ದಾಟಿ, ಸೀದಾ ಮೈದುನನ ಮನೆಯ ಕಡೆ ನಡೆದರು.

ಒಂದು ಗಂಟೆಯ ಮೇಲಾಯಿತು. ಅವರು ಹೇಳಿದ ಸಾಲು ಮುಗಿಸಿ, ಹೇಳದ ಸಾಲಿಗೂ ಸೊಪ್ಪು ಹಾಕಿದೆ. ಅಲ್ಲಿ ಏನು ನಡೆಯಿತೋ ನಾನು ಕಂಡಿಲ್ಲ, ಹಾಗಾಗಿ ಅದರ ಬಗ್ಗೆ ನನ್ನ ನೆನಪು ನನಗೆ ಮೋಸ ಮಾಡಲಾರದು. ರತ್ನಮ್ಮ ವಾಪಸು ಬಂದಾಗ ಕಣ್ಣು ಕೆಂಪಾಗಿದ್ದವು. ಬಂದವರೇ ನಾನು ದಪ್ಪಗೆ ಹಾಸಿದ್ದ ಸೊಪ್ಪನ್ನು ಒಂದು ತಟ್ಟೆಯಿಂದ ತೆಗೆದು ಇನ್ನೊಂದಕ್ಕೆ ಹರಡತೊಡಗಿದರು.

"ಏನಂದರು?" ಎಂದು ಕೇಳಿದೆ.

"ಏನೂ ಅನ್ಲಿಲ್ಲ. ಊಟ ಮಾಡ್ಕೊಂಡು ಹೋಗಿ ಅತ್ತಿಗೆ ಅಂದ. ಮಾಡ್ದೆ."